ಕಾಫಿ ತೋಟದಲ್ಲೊಂದು ಆಫ್ರಿಕಾದ ಗಿಣಿ

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದ ಸಾವಿರಾರು ಸಾಫ್ಟ್‌ವೇರ್ ಮಂದಿಯಲ್ಲಿ ನಾನೂ ಒಬ್ಬ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಾತ್ರ ಒಂದು ಪಂಜರವೂ ಇತ್ತು. ಅದರೊಳಗೆ ಹಸಿರು ಮೈಯ, ಗುಲಾಬಿ ಮುಖದ ಒಂದು ಲವ್‌ಬರ್ಡ್. ಮೂಡಿಗೆರೆ ದಾಟಿ ಕಳಸದ ಕಡೆ ಹೋಗುವ ರಸ್ತೆಯಲ್ಲಿರುವ ನಮ್ಮ ಮನೆಯ ಜಗಲಿ ಮೇಲೆ ಪಂಜರ ಇಟ್ಟೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಎಂತದಾ ಇದು?"

"ಲವ್‌ಬರ್ಡ್ ಅಜ್ಜಿ."

"ಗಿಣಿ ಅನ್ನು. ನೀನೇ ಅಲ್ವನಾ ನಮ್ಮ ಗಿಣಿ ಬಿಟ್ಟವನು?"

ನಾನು ಸುಮ್ಮನಾದೆ. ಆಗ ನನಗೆ ಎಂಟು ವರ್ಷ. ಅಜ್ಜಿ ಒಂದು ಗಿಣಿ ಸಾಕಿದ್ದಳು. ತೋಟದ ಮರದ ಪೊಟರೆಯಿಂದ ಮರಿಯಾಗಿದ್ದಾಗಲೇ ಯಾರೋ ತಂದುಕೊಟ್ಟಿದ್ದು. ಶಾಲೆಯಲ್ಲಿ ಹಕ್ಕಿಗೆ ಸ್ವಾತಂತ್ರ್ಯ ಕೊಡಬೇಕು ಅಂತ ಪಾಠ ಕೇಳಿ ಬಂದವನೇ ಪಂಜರದ ಬಾಗಿಲು ತೆಗೆದೆ. ರೆಕ್ಕೆ ಕತ್ತರಿಸಿದ್ದು ನನಗೆ ಗೊತ್ತಿರಲಿಲ್ಲ. ಗಿಣಿ ಹಾರಲಿಲ್ಲ, ಅಂಗಳಕ್ಕೆ ಬಿತ್ತು. ಬೆಕ್ಕು ನನಗಿಂತ ಮೊದಲು ಓಡಿತು.

ಅಜ್ಜಿ ಅವತ್ತು ನನಗೆ ಬೈಯಲಿಲ್ಲ. ಪಂಜರ ತೆಗೆದುಕೊಂಡು ಹೋಗಿ ಅಟ್ಟದ ಮೇಲೆ ಹಾಕಿದಳು, ಅಷ್ಟೆ. ಇಪ್ಪತ್ತು ಚಿಲ್ಲರೆ ವರ್ಷ ಆದಮೇಲೆ ನಾನೇ ಇನ್ನೊಂದು ಪಂಜರ ತಂದು ನಿಂತಿದ್ದೆ. ಇದು ಹೇಗಾಯ್ತು ಅಂತ ಹುಡುಕುತ್ತಾ ಹೋದರೆ ದಾರಿ ಬಹಳ ಹಿಂದಕ್ಕೆ ಹೋಗುತ್ತದೆ.

ಬೆಂಗಳೂರಿಂದ ನಮ್ಮೂರಿಗೆ ಬರುವಾಗ ಬೇಲೂರು ಸಿಗುತ್ತದೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದ ಮದನಿಕೆಯರಲ್ಲಿ ಒಬ್ಬಳು ಶುಕಭಾಷಿಣಿ. ಗಿಳಿಯ ಜೊತೆ ಮಾತಾಡುತ್ತಾ ನಿಂತವಳು. ಎಲ್ಲರೂ ಫೋಟೋ ತೆಗೆಯುತ್ತಾರೆ. ಗಿಳಿ ಸಾಕುವುದು ನಮ್ಮ ಕಡೆ ಎಷ್ಟು ಹಳೆಯದು ಅನ್ನುವುದಕ್ಕೆ ಅವಳೇ ಸಾಕ್ಷಿ. ಆದರೆ ಆ ಗಿಳಿ ಎಲ್ಲಿಂದ ಬಂತು ಅಂತ ಕಲ್ಲು ಹೇಳುವುದಿಲ್ಲ. ಅದನ್ನು ಹೇಳುವುದು ಕಾವ್ಯ. ಬಾಣನ ಕಾದಂಬರಿಯನ್ನು ಸುಮಾರು ಸಾವಿರ ವರ್ಷದ ಹಿಂದೆ ಕನ್ನಡಕ್ಕೆ ತಂದವನು ನಾಗವರ್ಮ. ಅದರಲ್ಲಿ ಕತೆ ಹೇಳುವುದೇ ವೈಶಂಪಾಯನ ಅನ್ನುವ ಗಿಳಿ. ಅದು ಹೇಳುವ ತನ್ನ ಬಾಲ್ಯ ಏನು ಗೊತ್ತಾ? ಬೇಡನೊಬ್ಬ ಬೂರುಗದ ಮರ ಹತ್ತಿ ಪೊಟರೆಗಳಿಂದ ಗಿಳಿಗಳನ್ನು ಕಿತ್ತು ಕೆಳಕ್ಕೆ ಎಸೆದದ್ದು, ಅದರಲ್ಲಿ ತನ್ನ ಅಪ್ಪ ಸತ್ತದ್ದು, ತಾನೊಬ್ಬನೇ ಉಳಿದದ್ದು. ಅಜ್ಜಿಯ ಗಿಣಿಗೆ ಮಾತು ಬಂದಿದ್ದರೆ ಹೆಚ್ಚೂಕಮ್ಮಿ ಇದೇ ಕತೆ ಹೇಳುತ್ತಿತ್ತೇನೋ.

ಈ ಪೊಟರೆ ಲೂಟಿಗೆ ಅಡ್ಡ ಬಂದಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಆಮೇಲೆ 1990-91ರಲ್ಲಿ ನಮ್ಮ ದೇಶದ ಕಾಡುಹಕ್ಕಿಗಳ ವ್ಯಾಪಾರವನ್ನೇ ನಿಷೇಧಿಸಿದರು. ಅಂದರೆ ಅಜ್ಜಿಯ ಗಿಣಿ ನಮ್ಮ ಜಗಲಿಯಲ್ಲಿ ನೇತಾಡುತ್ತಿದ್ದಾಗಲೇ ಅದು ಕಾನೂನುಬಾಹಿರ. ನಮ್ಮ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಮೂಡಿಗೆರೆಯ ತೋಟದಲ್ಲೇ ಇದ್ದುಕೊಂಡು ಹಕ್ಕಿಗಳ ಫೋಟೋ ತೆಗೆದು, ಅವುಗಳ ಬಗ್ಗೆ ಕನ್ನಡದಲ್ಲಿ ಬರೆದ ಪೂರ್ಣಚಂದ್ರ ತೇಜಸ್ವಿ ನಮ್ಮ ಪಕ್ಕದ ಊರಿನವರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಗಿಣಿ ಮಾತ್ರ ಪಂಜರದಲ್ಲೇ ಇತ್ತು.

ಕಾನೂನು ನಮ್ಮ ಗಿಣಿಯನ್ನು ಬಿಡಿಸಿತು, ಪಂಜರ ಖಾಲಿಯಾಗಲಿಲ್ಲ. ಊರಿನ ಹಕ್ಕಿ ಮಾರುವಂತಿಲ್ಲ ಅಂದಮೇಲೆ ಅಂಗಡಿಗಳಲ್ಲಿ ಪರದೇಶದ ಹಕ್ಕಿಗಳೇ ತುಂಬಿಕೊಂಡವು. ನಮ್ಮ ಪೇಟೆಗಳಲ್ಲಿ ಜೋಡಿ ಲೆಕ್ಕದಲ್ಲಿ ಲವ್‌ಬರ್ಡ್ಸ್ ಅಂತ ಮಾರುವ ಹಳದಿ, ನೀಲಿ ಹಕ್ಕಿಗಳಿವೆಯಲ್ಲ, ಅವುಗಳಲ್ಲಿ ಬಹಳಷ್ಟು ನಿಜವಾದ ಲವ್‌ಬರ್ಡ್ ಅಲ್ಲವೇ ಅಲ್ಲ. ಅವು ಆಸ್ಟ್ರೇಲಿಯಾದ ಬಜರಿಗಾರ್. ಜಾನ್ ಗೂಲ್ಡ್ ಅನ್ನುವ ಪಕ್ಷಿತಜ್ಞ 1840ರಲ್ಲಿ ಇಂಗ್ಲೆಂಡಿಗೆ ಜೀವಂತ ತಂದಮೇಲೆ ಜಗತ್ತಿನ ಜಗಲಿಗಳಿಗೆಲ್ಲ ಹರಡಿದ ಹಕ್ಕಿ ಅದು. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು. ಅದರ ಕುಲಕ್ಕೆ 1836ರಲ್ಲಿ ಸೆಲ್ಬಿ ಎಂಬಾತ ಗ್ರೀಕ್ ಭಾಷೆಯ ಪ್ರೀತಿ ಮತ್ತು ಹಕ್ಕಿ ಅನ್ನುವ ಎರಡು ಪದ ಸೇರಿಸಿ ಅಗಪೋರ್ನಿಸ್ ಅಂತ ಹೆಸರಿಟ್ಟ. ನನ್ನದು ನಮೀಬಿಯಾದ ಒಣ ಸೀಮೆಯ ಜಾತಿ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. "ಅಷ್ಟು ದೂರದ್ದು ಇಲ್ಲಿಗೆ ಎಂತಕ್ಕೆ ತಂದ್ರು ಮಾರಾಯ?" ಅಂದಳು.

ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಕೇಳಿದ ಪ್ರಶ್ನೆ ಇದು! ಅರೇಬಿಕಾ ಕಾಫಿಯ ತವರು ಇಥಿಯೋಪಿಯಾ. ಯೆಮೆನ್‌ನಿಂದ ಏಳು ಬೀಜ ಬಚ್ಚಿಟ್ಟು ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಅಂತ ಬಾಬಾ ಬುಡನ್ ಕತೆ ಹೇಳುತ್ತದೆ. ರೋಬಸ್ಟಾನೂ ಆಫ್ರಿಕಾದ ಕಾಡಿನದೇ. ಅದರ ನೆರಳಿಗೆ ನೆಟ್ಟ, ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಹಾಗೆ ನೋಡಿದರೆ ನಮ್ಮ ತೋಟದಲ್ಲಿ ಲವ್‌ಬರ್ಡ್‌ನ ನೆಂಟರಿಷ್ಟರು, ಬಜರಿಗಾರ್‌ನ ಊರಿನವರು ಮೊದಲೇ ಬಂದು ಬೇರು ಬಿಟ್ಟಿದ್ದಾರೆ. ಪಾಪ, ಲವ್‌ಬರ್ಡ್‌ಗೆ ಮಾತ್ರ ತೋಟದೊಳಗೆ ಜಾಗ ಇಲ್ಲ.

ಅದಕ್ಕಿಂತ ಹತ್ತಿರದ ನೆಂಟನೊಬ್ಬ ಇದ್ದಾನೆ ಅಂತ ಗೊತ್ತಾಗಿದ್ದು ಆಮೇಲೆ. ಒಂದು ದಿನ ಆಫೀಸ್ ಕಾಲ್‌ನಲ್ಲಿದ್ದಾಗ ನನ್ನ ಲವ್‌ಬರ್ಡ್ ಮೇಜಿನ ಮೇಲಿದ್ದ ಪ್ರಿಂಟ್‌ಔಟನ್ನು ರಿಬ್ಬನ್ ಥರ ನೀಟಾಗಿ ಸೀಳಿ, ಬಾಲದ ಮೇಲಿನ ಪುಕ್ಕದೊಳಗೆ ಸಿಕ್ಕಿಸಿಕೊಂಡು ಪಂಜರಕ್ಕೆ ಸಾಗಿಸುತ್ತಿತ್ತು. ಗೂಡು ಕಟ್ಟುವ ಹೆಣ್ಣಿನ ಲಕ್ಷಣ ಅದು. ಅಲ್ಲಿವರೆಗೆ ನಾನದನ್ನು ಗಂಡು ಅಂದುಕೊಂಡಿದ್ದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಇದರ ಮೇಲೆ ಪ್ರಯೋಗ ಮಾಡಿ 1962ರಲ್ಲಿ ಬರೆದರು. ಪುಕ್ಕದಲ್ಲಿ ಸಿಕ್ಕಿಸುವ ಈ ಜಾತಿಗೂ ಕೊಕ್ಕಿನಲ್ಲಿ ಒಯ್ಯುವ ಫಿಶರ್ಸ್ ಲವ್‌ಬರ್ಡ್‌ಗೂ ಮಿಶ್ರತಳಿ ಮಾಡಿದರೆ, ಆ ಮರಿಗಳು ಸಿಕ್ಕಿಸಲು ಹೋಗಿ ಸಿಕ್ಕಿಸಲಾರದೆ ಒದ್ದಾಡುತ್ತಿದ್ದವಂತೆ. ಹಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ದುಡಿಯುವ ನಮಗೆ ಆ ಒದ್ದಾಟ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ರೀತಿ ಪುಕ್ಕದಲ್ಲಿ ಎಲೆಚೂರು ಸಿಕ್ಕಿಸಿಕೊಂಡು ಗೂಡಿಗೆ ಒಯ್ಯುವ ಇನ್ನೊಂದು ಹಕ್ಕಿ ನಮ್ಮ ತೋಟದಲ್ಲೇ ಇದೆ. ಬಾವಲಿಯ ಹಾಗೆ ತಲೆಕೆಳಗಾಗಿ ಜೋತುಬಿದ್ದು ಮಲಗುವ ಪುಟ್ಟ ಹಸಿರು ಗಿಣಿ. ಹಾಲವಾಣ ಹೂ ಬಿಟ್ಟಾಗ ಮಕರಂದ ಕುಡಿಯಲು ಬರುತ್ತದೆ. ವಂಶವೃಕ್ಷದಲ್ಲಿ ಲವ್‌ಬರ್ಡ್‌ಗೆ ಅತಿ ಹತ್ತಿರದ ಸಂಬಂಧಿಗಳಲ್ಲಿ ಇದೂ ಒಂದು ಅಂತ ಡಿಎನ್ಎ ನೋಡಿದವರು ಹೇಳುತ್ತಾರೆ. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಬೇರೆಯಾದ ಅಕ್ಕತಂಗಿಯರು. ಒಬ್ಬಳು ಹಾಲವಾಣದ ಮೇಲೆ, ಇನ್ನೊಬ್ಬಳು ಜಗಲಿಯ ಪಂಜರದಲ್ಲಿ.

"ಹಾಗಾದ್ರೆ ಇದನ್ನೂ ಅವುಗಳ ಜೊತೆ ಬಿಟ್ಟುಬಿಡು," ಅಂದಳು ಅಜ್ಜಿ.

ಈ ಸಲ ಬೇಡ ಅಂದವನು ನಾನು. ಪಂಜರದಲ್ಲೇ ಮೊಟ್ಟೆಯೊಡೆದು ಬಂದ ಹಕ್ಕಿಗೆ ಕಾಡಿನಲ್ಲಿ ಊಟ ಹುಡುಕುವುದು ಗೊತ್ತಿಲ್ಲ, ಹದ್ದು ಗೊತ್ತಿಲ್ಲ, ಕಳಸದ ಆಷಾಢದ ಮಳೆಯಂತೂ ಗೊತ್ತೇ ಇಲ್ಲ. ಬದುಕಿಬಿಟ್ಟರೆ ಅದು ಇನ್ನೊಂದು ತೊಂದರೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ ತಪ್ಪಿಸಿಕೊಂಡ ಲವ್‌ಬರ್ಡ್‌ಗಳು ಅಲ್ಲೇ ಸಂಸಾರ ಹೂಡಿವೆ. ನಮ್ಮ ಕೆಂಪು ಕೊರಳಪಟ್ಟಿಯ ಗಿಣಿ ಲಂಡನ್ನಿನ ಪಾರ್ಕುಗಳಲ್ಲಿ ಹಿಂಡುಗಟ್ಟಿದೆ. ಪೊಟರೆಗೆ ಜಗಳ ಶುರುವಾದರೆ ಸೋಲುವುದು ಸ್ಥಳೀಯ ಹಕ್ಕಿ.

ಬಿಡಲಿಕ್ಕಾಗದ್ದನ್ನು ಸರಿಯಾಗಿ ನೋಡಿಕೊಳ್ಳಬೇಕು, ಅಷ್ಟೇ ಉಳಿದ ದಾರಿ. ಕಾಫಿ ಇದಕ್ಕೆ ವಿಷ, ತೋಟದ ಬೆಣ್ಣೆಹಣ್ಣೂ ವಿಷ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಅದರ ಹೊಗೆಗೇ ಸಾಯುತ್ತದೆ. ಹತ್ತು ಹದಿನೈದು ವರ್ಷ ಬದುಕುವ ಜೀವ, ನಮ್ಮ ಹೋಮ್ ಲೋನ್ ಥರ. ನನ್ನ ಜಾತಿಯನ್ನು ಬಿಟ್ಟು ಉಳಿದ ಲವ್‌ಬರ್ಡ್‌ಗಳನ್ನು ಇಟ್ಟುಕೊಂಡವರು 2024ರ ನಿಯಮದ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇನ್ನೂ ಕೊಳ್ಳದವರಿಗೆ ನನ್ನದೊಂದೇ ಮಾತು: ಆಸೆಯಾದರೆ ಹಾಲವಾಣ ಹೂ ಬಿಡುವಾಗ ನಮ್ಮ ಕಡೆ ಬನ್ನಿ.

ಈಗ ಊರಿಗೆ ಹೋದಾಗೆಲ್ಲ ಹಕ್ಕಿಯೂ ಜೊತೆಗೆ ಬರುತ್ತದೆ. ಅಟ್ಟದ ಮೇಲಿನ ಹಳೇ ಪಂಜರ ಅಲ್ಲೇ ಇದೆ. ಸಂಜೆ ಅಜ್ಜಿ ಒಂದು ಹಿಡಿ ನವಣೆ ತೆಗೆದುಕೊಂಡು ಬಂದು ಕೂರುತ್ತಾಳೆ.

"ಕಿಟಕಿ ಹಾಕಿದ್ಯನಾ?"

"ಹಾಕಿದೀನಿ."

"ಬೆಕ್ಕು?"

"ಹೊರಗಿದೆ ಅಜ್ಜಿ."

ಇನ್ನೊಂದು ಸಲ ಸುತ್ತ ನೋಡಿ, ಪಂಜರದ ಬಾಗಿಲನ್ನು ಅವಳೇ ತೆಗೆಯುತ್ತಾಳೆ.