ಒಡವೆ ತೊಡದ ಅರಸ, ಪಾದರಕ್ಷೆ ಬಿಡದ ಗೃಹಸ್ಥ

ನಮ್ಮ ಮಕರಪುರದ ಅರಮನೆಯನ್ನು ಗಾಯಕವಾಡರು ಬೇಸಿಗೆ ಕಳೆಯಲೆಂದು ಕಟ್ಟಿಸಿದ್ದರು. ಈಗ ಅದು ವಾಯುಪಡೆಯ ವಶದಲ್ಲಿದೆ. ಅದರ ಗೋಡೆಯ ಪಕ್ಕ ಹಾದುಹೋಗುವಾಗಲೆಲ್ಲ ನನಗೆ ಮೂರನೆಯ ಸಯಾಜಿರಾಯರ ಒಂದು ದಿನದ ಉಡುಪು ನೆನಪಾಗುತ್ತದೆ.

1911ರ ಡಿಸೆಂಬರ್ 12, ದೆಹಲಿ. ಐದನೆಯ ಜಾರ್ಜ್ ದೊರೆಯ ದರ್ಬಾರು. ಆಗ 21 ಕುಶಾಲತೋಪುಗಳ ಗೌರವವಿದ್ದ ಸಂಸ್ಥಾನಗಳು ಮೂರೇ: ಹೈದರಾಬಾದ್, ಬರೋಡಾ ಮತ್ತು ನಮ್ಮ ಮೈಸೂರು. ಅರಸರು ಪೂರ್ಣ ರಾಜಪೋಷಾಕಿನಲ್ಲಿ ಬಂದು, ಬಾಗಿ, ಬೆನ್ನು ತೋರಿಸದೆ ಹಿಂದೆ ಸರಿಯಬೇಕಿತ್ತು. ಸಯಾಜಿರಾಯರು ಸಾದಾ ಬಿಳಿ ಉಡುಪಿನಲ್ಲಿ, ಒಡವೆಗಳಿಲ್ಲದೆ, ಕೈಯಲ್ಲೊಂದು ಬೆತ್ತ ಹಿಡಿದು ಬಂದರು. ಒಮ್ಮೆ ಬಾಗಿದರು, ತಿರುಗಿ ನಡೆದುಬಿಟ್ಟರು. ಬ್ರಿಟಿಷ್ ಪತ್ರಿಕೆಗಳು ಕೆಂಡಕಾರಿದವು. ಕೊನೆಗೆ ಮಹಾರಾಜರು ವೈಸರಾಯ್ ಹಾರ್ಡಿಂಜರಿಗೆ ಕ್ಷಮೆ ಕೋರಿ ಪತ್ರ ಬರೆಯಬೇಕಾಯಿತು.

ಒಬ್ಬ ಅರಸ ಒಡವೆ ಹಾಕದಿದ್ದರೆ ಚಕ್ರವರ್ತಿಗೇನು ನಷ್ಟ? ಉತ್ತರಕ್ಕೆ ಮೊದಲನೆಯ ಎಲಿಜಬೆತ್ ರಾಣಿಯ ಕಾಲಕ್ಕೆ ಹೋಗಬೇಕು. 1574ರ ಆಕೆಯ ಘೋಷಣೆಯಂತೆ ನೇರಳೆ ರೇಷ್ಮೆ, ಜರತಾರಿ ವಸ್ತ್ರಗಳು ರಾಜಮನೆತನಕ್ಕೂ ಮೇಲಿನ ದರ್ಜೆಯ ಕುಲೀನರಿಗೂ ಮೀಸಲು. ಮಖಮಲ್ಲಿಗೂ ಅಂತಸ್ತು ಬೇಕು. 1571ರ ಕಾನೂನು ಆರು ವರ್ಷ ದಾಟಿದ ಸಾಮಾನ್ಯರೆಲ್ಲ ಭಾನುವಾರ, ಹಬ್ಬದ ದಿನಗಳಲ್ಲಿ ಉಣ್ಣೆಯ ಟೋಪಿ ಹಾಕಲೇಬೇಕೆಂದಿತು. ತಪ್ಪಿದರೆ ದಿನಕ್ಕೆ 3 ಷಿಲಿಂಗ್ 4 ಪೆನ್ಸ್ ದಂಡ. ಉಣ್ಣೆ ಕಸುಬನ್ನು ಉಳಿಸುವುದು ಒಂದು ಉದ್ದೇಶ. ಆದರೆ ಕುಲೀನರಿಗೆ ವಿನಾಯಿತಿ ಇತ್ತು. ಹಾಗಾಗಿ ಟೋಪಿ ಕಂಡೊಡನೆ ಮನುಷ್ಯನ ದರ್ಜೆಯೂ ತಿಳಿಯುತ್ತಿತ್ತು. ವ್ಯಾಪಾರದಲ್ಲಿ ದುಡ್ಡು ಕಂಡವರು ಮಖಮಲ್ಲು ಕೊಳ್ಳುವುದನ್ನು ತಡೆಯಲು ಕಾನೂನಿಗೆ ಆಗಲಿಲ್ಲ. 1604ರಲ್ಲಿ ಈ ಉಡುಪಿನ ಕಾನೂನುಗಳೇ ರದ್ದಾದವು.

ಅಭ್ಯಾಸ ಮಾತ್ರ ಹಡಗು ಹತ್ತಿ ಇಲ್ಲಿಗೂ ಬಂತು. ಬ್ರಿಟಿಷ್ ಅಧಿಕಾರಿಗಳ ಮುಂದೆ ಭಾರತೀಯರು ಪಾದರಕ್ಷೆ ಬಿಡಬೇಕಿತ್ತು. 1854ರಲ್ಲಿ ಸರ್ಕಾರ ಒಂದು ರಿಯಾಯಿತಿ ಕೊಟ್ಟಿತು: ಯುರೋಪಿನ ಮಾದರಿಯ ಬೂಟು ತೊಟ್ಟ ಗೃಹಸ್ಥರು ಅದರೊಡನೆಯೇ ಬರಬಹುದು. ಅಂದರೆ ಗೌರವ ಸಿಕ್ಕಿದ್ದು ಬೂಟಿಗೆ, ಕಾಲಿಗಲ್ಲ. ದೇಶಿ ಜೋಡು ಹೊರಗೇ ಉಳಿಯಿತು. 1862ರಲ್ಲಿ ನಮ್ಮ ನೆರೆಯ ಸೂರತ್ತಿನಲ್ಲಿ ಮಾಣೆಕ್‌ಜಿ ಕಾವಸ್‌ಜಿ ಎಂಟಿ ಎಂಬ ಪಾರ್ಸಿ ಗೃಹಸ್ಥರು ಪಾದರಕ್ಷೆ ಬಿಡಲು ಒಪ್ಪದ್ದರಿಂದ ಫೌಜದಾರಿ ಅದಾಲತ್ತಿನೊಳಗೆ ಅವರಿಗೆ ಪ್ರವೇಶ ಸಿಗಲಿಲ್ಲ. ಜೋಡಿನ ಜಗಳ ದೊಡ್ಡ ಚರ್ಚೆಯೇ ಆಯಿತು.

ಎಲಿಜಬೆತ್ ಹೇಳಿದ್ದು, ನಿನ್ನ ಅಂತಸ್ತಿಗಿಂತ ಮೇಲೆ ತೊಡಬೇಡ. ದರ್ಬಾರು ಹೇಳಿದ್ದು, ಕೆಳಗೂ ತೊಡಬೇಡ. ಸಾಮಂತ ಮಿರುಗಿದರೇ ತಾನೆ ಅವನು ತಲೆಬಾಗುವ ಸಿಂಹಾಸನ ದೊಡ್ಡದಾಗಿ ಕಾಣುವುದು! ಎರಡರ ಹಠವೂ ಒಂದೇ: ಯಾರು ಎಲ್ಲಿ ನಿಲ್ಲಬೇಕೆಂಬುದು ದೂರದಿಂದಲೇ ತಿಳಿಯಬೇಕು.

ಇದನ್ನು ಹಳೆಯ ಕತೆ ಎಂದು ಮುಗಿಸಲು ನನಗೆ ಬಾಯಿ ಬರುವುದಿಲ್ಲ. ನನ್ನ ಪ್ರಾಜೆಕ್ಟಿನಲ್ಲಿ ಕಾಯಂ ನೌಕರರ ಐಡಿ ಕಾರ್ಡಿಗೆ ನೀಲಿ ಪಟ್ಟಿ, ಗುತ್ತಿಗೆಯವರದಕ್ಕೆ ಹಳದಿ. ಪಟ್ಟಿಗಳ ಆ ಪಟ್ಟಿಗೆ ಸಹಿ ಹಾಕಿದವನು ನಾನೇ. ರಾಯಚೂರಿನಿಂದ ಬಂದ ಗುತ್ತಿಗೆಯ ಹುಡುಗನೊಬ್ಬ ಕ್ಯಾಂಟೀನಿಗೆ ಹೊರಟಾಗ ಕೊರಳಿನ ಪಟ್ಟಿಯನ್ನು ಮೆಲ್ಲಗೆ ಅಂಗಿಯ ಜೇಬಿಗೆ ಸೇರಿಸುತ್ತಾನೆ. ಮೊನ್ನೆ ಅದನ್ನು ಕಂಡೆ. ನಿಯಮ ಹೇಳಲು ಬಾಯಿ ತೆರೆದವನು ಸುಮ್ಮನಾದೆ.