ಹೃದಯ ವೈಫಲ್ಯ

ದೇಹದ ಅಗತ್ಯಕ್ಕೆ ತಕ್ಕಷ್ಟು ರಕ್ತವನ್ನು ಹೃದಯವು ಪಂಪು ಮಾಡಲಾರದ, ಅಥವಾ ತನ್ನೊಳಗಿನ ಒತ್ತಡವನ್ನು ಅತಿಯಾಗಿ ಏರಿಸಿಕೊಂಡು ಮಾತ್ರ ಪಂಪು ಮಾಡಬಲ್ಲ ಸ್ಥಿತಿಯನ್ನು ಹೃದಯ ವೈಫಲ್ಯ ಎನ್ನುತ್ತಾರೆ. ಶ್ವಾಸಕೋಶ, ಕಾಲು, ಹೊಟ್ಟೆಗಳಲ್ಲಿ ನೀರು ಸೇರಿಕೊಂಡಾಗ ಇದಕ್ಕೆ ಕಂಜೆಸ್ಟಿವ್ ಹಾರ್ಟ್ ಫೇಲ್ಯೂರ್ ಎಂಬ ಹೆಸರು ರೂಢಿಯಲ್ಲಿದೆ.

ಹೆಸರಿನ ಗೊಂದಲ

'ವೈಫಲ್ಯ' ಎಂಬ ಮಾತೇ ರೋಗಿಯನ್ನೂ ಮನೆಯವರನ್ನೂ ಕಂಗೆಡಿಸುತ್ತದೆ. ಹೃದಯ ನಿಂತುಹೋಯಿತೆಂಬುದು ಇದರ ಅರ್ಥವಲ್ಲ. ಹೃದಯಕ್ಕೆ ರಕ್ತ ಒದಗಿಸುವ ನಾಳ ಮುಚ್ಚಿಕೊಂಡು ಸ್ನಾಯುವಿನ ಒಂದು ಭಾಗ ಸಾಯುವುದು ಹೃದಯಾಘಾತ. ಬಡಿತ ಹಠಾತ್ತನೆ ನಿಲ್ಲುವುದು ಹೃದಯ ಸ್ತಂಭನ. ಹೃದಯ ವೈಫಲ್ಯದಲ್ಲಿ ಬಡಿತ ಮುಂದುವರಿಯುತ್ತಿರುತ್ತದೆ, ಸಾಮರ್ಥ್ಯ ಕುಗ್ಗಿರುತ್ತದೆ. ಈ ಮೂರನ್ನೂ ಒಂದೇ ಎಂದು ಬಳಸುವುದು ಸಾಮಾನ್ಯವಾದರೂ ಸರಿಯಲ್ಲ.

ಕಾರಣಗಳು

ಹಿಂದೆ ಆಗಿಹೋದ ಹೃದಯಾಘಾತ, ಬಹುಕಾಲ ಹತೋಟಿಯಲ್ಲಿಡದ ರಕ್ತದೊತ್ತಡ, ಮಧುಮೇಹ, ಕವಾಟದ ದೋಷ, ಅತಿಯಾದ ಮದ್ಯಪಾನ, ಹೃದಯಸ್ನಾಯುವಿನ ರೋಗಗಳು ಇದಕ್ಕೆ ದಾರಿಮಾಡುತ್ತವೆ. ಭಾರತದಲ್ಲಿ ರುಮಾಟಿಕ್ ಜ್ವರವನ್ನೂ ಮರೆಯುವಂತಿಲ್ಲ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬಂದ ಗಂಟಲುನೋವು ಸರಿಯಾದ ಚಿಕಿತ್ಸೆಯಿಲ್ಲದೆ ಈ ಜ್ವರಕ್ಕೆ ತಿರುಗಿ, ಮೈಟ್ರಲ್ ಕವಾಟವನ್ನು ಕೆಡಿಸಿ, ವರ್ಷಗಳ ನಂತರ ಯೌವನದಲ್ಲೇ ಹೃದಯವನ್ನು ದುರ್ಬಲಗೊಳಿಸಬಲ್ಲದು.

ನೀರು ಸೇರುವ ಬಗೆ

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಈ ಹರಿವು ತಗ್ಗಿದಾಗ ಮೂತ್ರಪಿಂಡಗಳು, ದೇಹವು ರಕ್ತವನ್ನೋ ನೀರನ್ನೋ ಕಳೆದುಕೊಂಡಿದೆ ಎಂಬಂತೆ ವರ್ತಿಸಿ, ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಹಾರ್ಮೋನುಗಳು ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ, ಬಡಿತದ ವೇಗ ಏರುತ್ತದೆ. ಗಾಯವಾಗಿ ರಕ್ತ ಸೋರಿದಾಗ ಜೀವ ಉಳಿಸುವ ಏರ್ಪಾಡು ಇದು. ಆದರೆ ಬಳಲಿದ ಹೃದಯಕ್ಕೆ ಹೊರೆಯ ಮೇಲೆ ಹೊರೆಯಾಗುತ್ತದೆ. ಇಂದಿನ ಚಿಕಿತ್ಸೆಯ ಬಹುಭಾಗ ಈ ವಿಷಚಕ್ರವನ್ನು ತುಂಡರಿಸುವ ಪ್ರಯತ್ನವೇ ಆಗಿದೆ.

ಲಕ್ಷಣಗಳು

ಎಡಭಾಗ ದುರ್ಬಲವಾದರೆ ಶ್ವಾಸಕೋಶದಲ್ಲಿ ಒತ್ತಡ ಹೆಚ್ಚಿ ಏದುಸಿರು ಬರುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುವುದು, ನಡುರಾತ್ರಿ ಉಸಿರಿಗಾಗಿ ಎದ್ದು ಕೂರುವುದು, ಒಂದು ದಿಂಬು ಸಾಲದೆ ಎರಡು ಮೂರು ಬೇಕಾಗುವುದು ಗಮನಾರ್ಹ ಸೂಚನೆಗಳು. ಬಲಭಾಗದ ದೌರ್ಬಲ್ಯದಲ್ಲಿ ಪಾದ ಊದಿಕೊಂಡು, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಕತ್ತಿನ ಅಭಿಧಮನಿಗಳು ಉಬ್ಬುತ್ತವೆ. ಹಲವರಲ್ಲಿ ಎರಡೂ ಒಟ್ಟಿಗಿರುತ್ತವೆ. ಇವನ್ನೆಲ್ಲ 'ವಯಸ್ಸಾಯಿತು' ಎಂದು ತಳ್ಳಿಹಾಕುವುದರಿಂದಲೇ ಅನೇಕರ ಚಿಕಿತ್ಸೆ ತಡವಾಗುತ್ತದೆ. ಕುಳಿತಲ್ಲೇ ಉಸಿರು ಸಿಗದಿದ್ದರೆ ಅಥವಾ ಗುಲಾಬಿ ಬಣ್ಣದ ನೊರೆಕಫ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪತ್ತೆ

ಇಸಿಜಿ, ಎದೆಯ ಎಕ್ಸ್‌ರೇ, ಬಿಎನ್‌ಪಿ ಎಂಬ ರಕ್ತಪರೀಕ್ಷೆ ನೆರವಾಗುತ್ತವೆ, ಮುಖ್ಯವಾದುದು ಎಕೋಕಾರ್ಡಿಯೋಗ್ರಾಮ್. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಪ್ರತಿ ಬಡಿತಕ್ಕೆ ಹೊರಹೋಗುತ್ತದೆ ಎಂಬ ಅಳತೆಯನ್ನು ವರದಿಯಲ್ಲಿ 'ಇಎಫ್' ಎಂದು ಬರೆಯಲಾಗುತ್ತದೆ. ಆರೋಗ್ಯವಂತರಲ್ಲೂ ಇದು 100 ಆಗಿರುವುದಿಲ್ಲ. 55 ಎಂದು ಓದಿ ಹೃದಯ ಅರ್ಧ ಕೆಟ್ಟಿದೆಯೆಂದು ಹೆದರಬೇಕಾಗಿಲ್ಲ, ಅದು ಸಹಜ ಮಿತಿಯಲ್ಲಿದೆ. 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಂಕೋಚನಶಕ್ತಿ ಕುಂದಿದೆ ಎಂದರ್ಥ. ಇಎಫ್ 50ಕ್ಕಿಂತ ಮೇಲಿದ್ದೂ, ಗೋಡೆ ಬಿರುಸಾಗಿ ಸರಿಯಾಗಿ ಸಡಿಲಗೊಳ್ಳದ ಕಾರಣ ವೈಫಲ್ಯ ಉಂಟಾಗುವುದೂ ಉಂಟು.

ಚಿಕಿತ್ಸೆಯ ಇತಿಹಾಸ

ಮೈಯೆಲ್ಲ ನೀರು ತುಂಬಿ ಊದುವ 'ಡ್ರಾಪ್ಸಿ'ಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲೋವ್ ಗಿಡದ ಎಲೆಯನ್ನು ಬಳಸಿ 1785ರಲ್ಲಿ ಗ್ರಂಥ ಪ್ರಕಟಿಸಿದರು. ಶ್ರಾಪ್‌ಷೈರಿನ ಮಹಿಳೆಯೊಬ್ಬರ ಗಿಡಮೂಲಿಕೆ ಮದ್ದಿನಿಂದ ಅವರಿಗೆ ಇದರ ಸುಳಿವು ಸಿಕ್ಕಿತ್ತು. ಡಿಜಾಕ್ಸಿನ್ ಈ ಕುಲದ ಗಿಡದಿಂದಲೇ ಬಂದ ಔಷಧ. ನೀರು ಹೊರಹಾಕುವ ಫ್ಯೂರೋಸೆಮೈಡ್ 1960ರ ದಶಕದಲ್ಲಿ ಬಳಕೆಗೆ ಬಂತು. ತೀವ್ರ ವೈಫಲ್ಯದಲ್ಲಿ ಎನಾಲಾಪ್ರಿಲ್ ಆಯುಷ್ಯ ಹೆಚ್ಚಿಸುತ್ತದೆಂದು 1987ರ ಅಧ್ಯಯನವೊಂದು ತೋರಿಸಿತು. ಹೃದಯವನ್ನು ಇನ್ನಷ್ಟು ಕುಗ್ಗಿಸುತ್ತವೆಂದು ದೂರವಿಡಲಾಗಿದ್ದ ಬೀಟಾ ಬ್ಲಾಕರ್‌ಗಳು 1990ರ ದಶಕದಲ್ಲಿ ಉಪಕಾರಿಯೆಂದು ಸಿದ್ಧವಾದವು. ಮಧುಮೇಹಕ್ಕೆಂದು ತಯಾರಾದ ಡಪಾಗ್ಲಿಫ್ಲೋಜಿನ್ ಮಧುಮೇಹವಿಲ್ಲದ ಹೃದ್ರೋಗಿಗಳಿಗೂ ಪ್ರಯೋಜನಕಾರಿ ಎಂಬುದು 2019ರಲ್ಲಿ ತಿಳಿಯಿತು.

ಮನೆಯಲ್ಲಿ ಪಾಲಿಸಬೇಕಾದದ್ದು

ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ತಿಂಡಿಗೆ ಮೊದಲು, ತೂಕ ನೋಡಿ ಬರೆದಿಡುವುದು ಅತ್ಯಂತ ಅಗ್ಗದ ಪರೀಕ್ಷೆ. ಮೂರು ದಿನಗಳಲ್ಲಿ 2 ಕಿಲೋಗ್ರಾಂಗಿಂತ ಹೆಚ್ಚಿದರೆ ಅದು ಕೊಬ್ಬಲ್ಲ, ನೀರು. ಊತ ಕಾಣುವ ಮೊದಲೇ ವೈದ್ಯರಿಗೆ ತಿಳಿಸಬಹುದು. ಉಪ್ಪು ಬರಿಯ ಸಾರಿನಲ್ಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿಗಳಲ್ಲಿ ಲೆಕ್ಕಕ್ಕೆ ಸಿಗದಂತೆ ಅಡಗಿದೆ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ವೈದ್ಯರನ್ನು ಕೇಳದೆ ಬಳಸಬಾರದು. ಮಂಡಿನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ದೇಹದಲ್ಲಿ ನೀರನ್ನು ಉಳಿಸಿ ರೋಗವನ್ನು ಉಲ್ಬಣಗೊಳಿಸುತ್ತವೆ. ಊತ ಇಳಿಯಿತೆಂದು ಹೃದಯದ ಮಾತ್ರೆ ನಿಲ್ಲಿಸುವುದೂ ಇಷ್ಟೇ ಅಪಾಯಕರ.

ಔಷಧಕ್ಕೆ ಬಗ್ಗದ ಕೆಲವರಿಗೆ ವಿಶೇಷ ಪೇಸ್‌ಮೇಕರ್, ಪಂಪಿನಂತಹ ಸಾಧನ ಅಥವಾ ಹೃದಯ ಕಸಿ ಬೇಕಾಗುತ್ತದೆ. ಭಾರತದ ಮೊದಲ ಯಶಸ್ವಿ ಹೃದಯ ಕಸಿಯನ್ನು 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ನೆರವೇರಿಸಿದರು.