ಎಂಡೋಸಲ್ಫಾನ್ ಶೇಷಾಂಶ ವಿಶ್ಲೇಷಣೆ

ಎಂಡೋಸಲ್ಫಾನ್ ಶೇಷಾಂಶ ವಿಶ್ಲೇಷಣೆಯು ಮಣ್ಣು, ನೀರು, ಆಹಾರ ಮತ್ತು ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಉಳಿದಿರುವ ಎಂಡೋಸಲ್ಫಾನ್ ಕೀಟನಾಶಕವನ್ನು ಪತ್ತೆಹಚ್ಚುವ ರಾಸಾಯನಿಕ ವಿಧಾನವಾಗಿದೆ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ಮತ್ತು ಬೆಳ್ತಂಗಡಿ ಪ್ರದೇಶಗಳಲ್ಲಿಯೂ ನೆರೆಯ ಕಾಸರಗೋಡಿನಲ್ಲಿಯೂ ಈ ವಿಶ್ಲೇಷಣೆಗೆ ವಿಶೇಷ ಮಹತ್ವವಿದೆ.

ಹಿನ್ನೆಲೆ
ಗೇರು ಮರಗಳನ್ನು ಕಾಡುವ ಟೀ ಸೊಳ್ಳೆ ಕೀಟದ ಹತೋಟಿಗಾಗಿ ಈ ಭಾಗದ ಸರ್ಕಾರಿ ಸ್ವಾಮ್ಯದ ಗೇರು ತೋಟಗಳಿಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ತೋಟಗಳ ಸುತ್ತಲಿನ ಗ್ರಾಮಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯತೆ ಮತ್ತು ನರಸಂಬಂಧಿ ತೊಂದರೆಗಳು ಕಂಡುಬಂದ ಬಳಿಕ ಸಿಂಪಡಣೆಯ ವಿರುದ್ಧ ಜನಾಂದೋಲನ ರೂಪುಗೊಂಡಿತು.

ವಿಧಾನ
ಮಾದರಿಯಿಂದ ಕೀಟನಾಶಕವನ್ನು ಸಾವಯವ ದ್ರಾವಕದಲ್ಲಿ ಬೇರ್ಪಡಿಸಿ, ಶುದ್ಧೀಕರಿಸಿ, ಅನಿಲ ವರ್ಣರೇಖನ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ಯಂತ್ರಕ್ಕೆ ನೀಡಲಾಗುತ್ತದೆ. ಎಂಡೋಸಲ್ಫಾನ್ ಅಣುವಿನಲ್ಲಿ 6 ಕ್ಲೋರಿನ್ ಪರಮಾಣುಗಳಿರುವುದರಿಂದ, ಎಲೆಕ್ಟ್ರಾನ್ ಸೆರೆ ಶೋಧಕವು ಅದನ್ನು ಪಿಪಿಬಿ (ಶತಕೋಟಿಯಲ್ಲಿ ಒಂದು ಭಾಗ) ಮಟ್ಟದಲ್ಲಿಯೂ ಗುರುತಿಸಬಲ್ಲದು. ಮಾರುಕಟ್ಟೆಯ ಎಂಡೋಸಲ್ಫಾನಿನಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳು ಸುಮಾರು 7:3ರ ಅನುಪಾತದಲ್ಲಿರುತ್ತವೆ. ಮಣ್ಣಿನಲ್ಲಿ ಇವು ಕ್ರಮೇಣ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡುತ್ತವೆ. ಆದ್ದರಿಂದ ಸಲ್ಫೇಟಿನ ಅಂಶ ಅಧಿಕವಾಗಿದ್ದರೆ ಸಿಂಪಡಣೆ ಹಳೆಯದೆಂದು ಊಹಿಸಬಹುದು.

ಪ್ರಮುಖ ಅಧ್ಯಯನಗಳು
2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಕಾಸರಗೋಡಿನ ಪಡ್ರೆ ಗ್ರಾಮದ ಮಾದರಿಗಳಲ್ಲಿ ಎಂಡೋಸಲ್ಫಾನ್ ಶೇಷವನ್ನು ವರದಿ ಮಾಡಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಂಪಡಣೆಗೆ ಒಳಗಾದ ಪ್ರದೇಶದ 117 ಬಾಲಕರ ರಕ್ತಸಾರದಲ್ಲಿ ಸರಾಸರಿ 7.47 ಪಿಪಿಬಿ, ಹೋಲಿಕೆಗಾಗಿ ಆಯ್ದ 90 ಬಾಲಕರಲ್ಲಿ 1.37 ಪಿಪಿಬಿ ಎಂಡೋಸಲ್ಫಾನ್ ಕಂಡುಬಂದಿತು. ಮೊದಲ ಗುಂಪಿನವರಲ್ಲಿ ಲೈಂಗಿಕ ಪ್ರೌಢತೆಯೂ ತಡವಾಗಿತ್ತು.

ಮಿತಿಗಳು
ಎಂಡೋಸಲ್ಫಾನ್ ಶರೀರದಿಂದ ಬೇಗನೆ ಹೊರಹೋಗುತ್ತದೆ. ಹೀಗಾಗಿ ಸಿಂಪಡಣೆ ನಿಂತು ವರ್ಷಗಳಾದ ಮೇಲೆ ಒಬ್ಬರ ರಕ್ತದಲ್ಲಿ ಅದು ಕಾಣದಿದ್ದರೆ, ಅವರು ಹಿಂದೆ ಅದಕ್ಕೆ ಒಡ್ಡಿಕೊಂಡಿರಲಿಲ್ಲ ಎಂದು ಹೇಳಲಾಗದು. ಶೇಷ ಪತ್ತೆಯಾದ ಮಾತ್ರಕ್ಕೆ ನಿರ್ದಿಷ್ಟ ರೋಗಕ್ಕೆ ಅದೇ ಕಾರಣವೆಂದೂ ಸಿದ್ಧವಾಗದು. ಈ ಕಾರಣದಿಂದ ಸಂತ್ರಸ್ತರನ್ನು ಗುರುತಿಸುವಾಗ ವಾಸಸ್ಥಳ, ಸಿಂಪಡಣೆಯ ಅವಧಿ ಮತ್ತು ವೈದ್ಯಕೀಯ ತಪಾಸಣೆಗಳನ್ನೂ ಪರಿಗಣಿಸುವುದು ಅಗತ್ಯವಾಗುತ್ತದೆ. ವಿಧಿವಿಜ್ಞಾನದಲ್ಲಿ ವಿಷಪ್ರಾಶನದ ಪತ್ತೆಗೂ, ಪುರಾತತ್ತ್ವದಲ್ಲಿ ಮಡಕೆಗಳಿಗೆ ಅಂಟಿದ ಆಹಾರದ ಕೊಬ್ಬಿನ ಪತ್ತೆಗೂ ಅನಿಲ ವರ್ಣರೇಖನವನ್ನು ಬಳಸಲಾಗುತ್ತದೆ. ಅಲ್ಲಿಯೂ ಮಾದರಿ ಸಂಗ್ರಹಿಸಿದ ಕಾಲ ಮತ್ತು ಕ್ರಮ ಫಲಿತಾಂಶದಷ್ಟೇ ಮುಖ್ಯ.

ನಿಷೇಧ
2011ರಲ್ಲಿ ಕರ್ನಾಟಕ ಸರ್ಕಾರವು ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಇದು ಸೇರಿತು. ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಮಧ್ಯಂತರ ಆದೇಶದ ಮೂಲಕ ದೇಶದಾದ್ಯಂತ ಇದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು.